ಕಟ್ಟಡ ಕಾಮಗಾರಿಯಲ್ಲಿ ಜಾರಿ ಬೀಳುವ ಅಪಘಾತಗಳು

ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆಂದು ಹೋಗಿರುವ ಕನ್ನಡ ಕುಟುಂಬಗಳು ಅನೇಕ. ಅಲ್ಲಿ ಎತ್ತರದಿಂದ ಬಿದ್ದವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಸಮನೆಲದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡವರ ಸುದ್ದಿ ಬರುವುದಿಲ್ಲ. ಆದರೆ ಮೂಳೆ ಕೂಡುವವರೆಗೆ ಹಲವು ವಾರ ಅವರಿಗೆ ಕೂಲಿಯಿಲ್ಲ.

ನಡೆಯುವಾಗ ಮುಂದಿಟ್ಟ ಪಾದದ ಹಿಮ್ಮಡಿಯು ನೆಲಕ್ಕೆ ತಾಗಿದೊಡನೆ ದೇಹದ ಭಾರವು ಅದರ ಮೇಲೆ ಬೀಳುತ್ತದೆ. ಆ ಕ್ಷಣದಲ್ಲಿ ಪಾದರಕ್ಷೆಗೂ ನೆಲಕ್ಕೂ ನಡುವೆ ಸಾಕಷ್ಟು ಘರ್ಷಣೆ ಇಲ್ಲದಿದ್ದರೆ ಹಿಮ್ಮಡಿ ಮುಂದಕ್ಕೆ ಸರಿದು ದೇಹವು ಹಿಂದಕ್ಕೆ ಉರುಳುತ್ತದೆ. ತಲೆಯ ಮೇಲೆ ಬಾಂಡ್ಲಿ ಹೊತ್ತವರಿಗೆ ಬಗ್ಗಿ ನೆಲವನ್ನು ನೋಡುವುದಾಗಲಿ, ಕೈಚಾಚಿ ಆಸರೆ ಹಿಡಿಯುವುದಾಗಲಿ ಸಾಧ್ಯವಿಲ್ಲ. ಸವೆದ ರಬ್ಬರ್ ಚಪ್ಪಲಿಯಂತೂ ಅಪಾಯವನ್ನು ಹೆಚ್ಚಿಸುತ್ತದೆ.

ಸೆಂಟ್ರಿಂಗ್ ಹಲಗೆಗೆ ಹಚ್ಚಿದ ಎಣ್ಣೆ, ಕಾಂಕ್ರೀಟಿಗೆ ಹಾಯಿಸಿದ ನೀರು, ಚೆಲ್ಲಿದ ಸಿಮೆಂಟಿನ ತಿಳಿ, ಇವು ಸಾಮಾನ್ಯ ಕಾರಣಗಳು. ಹಳೆಯ ಕಟ್ಟಡ ಕೆಡಹುವಲ್ಲಿ ತೊಡಕು ಇನ್ನೂ ಹೆಚ್ಚು. ನುಣುಪಾದ ನೆಲದ ಮೇಲಿನ ಗಾರೆಯ ಹರಳುಗಳು ಕಾಲಡಿಯಲ್ಲಿ ಗುಂಡುಗಳಂತೆ ಉರುಳುತ್ತವೆ. ಧೂಳನ್ನು ಅಡಗಿಸಲು ನೀರು ಸಿಂಪಡಿಸುವುದು ಶ್ವಾಸಕೋಶದ ರಕ್ಷಣೆಗೆ ಅವಶ್ಯ. ಅದೇ ನೀರು ಧೂಳನ್ನು ಕೆಸರಾಗಿಸುತ್ತದೆ. ಆದುದರಿಂದ ನೀರು ಸಿಂಪಡಿಸುವವರ ಹಿಂದೆಯೇ ಕೆಸರು ಗೋರುವವರೂ ಇರಬೇಕು. ಆ ಒಬ್ಬರ ಕೂಲಿಯನ್ನು ಉಳಿಸುವುದು ಉಳಿತಾಯವೇ ಅಲ್ಲ.

ಬಿದ್ದವರನ್ನು ಕೈಹಿಡಿದು ಎಬ್ಬಿಸಬಾರದು. ಊದಿದ ಕೀಲನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ತಲೆಗೆ ಪೆಟ್ಟಾಗಿ ವಾಂತಿ ಅಥವಾ ಮಂಪರು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಬಂದ ಕಾಯಿದೆಯ ಅನ್ವಯ ರಚಿತವಾದ 1998ರ ಕೇಂದ್ರ ನಿಯಮಗಳು, ಜಾರುವ ಹಾದಿ ಮತ್ತು ಅಟ್ಟಣಿಗೆಗಳನ್ನು ಬಳಸಲು ಕಾರ್ಮಿಕರನ್ನು ಬಿಡಬಾರದೆಂದು ಮಾಲೀಕನಿಗೆ ವಿಧಿಸಿದ್ದವು; ನೀರು, ಎಣ್ಣೆ, ಜಿಡ್ಡನ್ನು ತೆಗೆಯಬೇಕು, ಇಲ್ಲವೆ ಮರಳನ್ನೋ ಮರದ ಹೊಟ್ಟನ್ನೋ ಹರಡಬೇಕು. ಆ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಅನುಷ್ಠಾನಕ್ಕೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಕೆಲಸದ ಸ್ಥಳದ ಸುರಕ್ಷತೆ ಮಾಲೀಕನ ಹೊಣೆಯೇ ಆಗಿದೆ. "ನೀನೇ ನೋಡಿ ನಡೆಯಲಿಲ್ಲ" ಎಂದು ಗುತ್ತಿಗೆದಾರ ಹೇಳಿದ ಮಾತ್ರಕ್ಕೆ ಪರಿಹಾರದ ಹಕ್ಕು ಇಲ್ಲವಾಗದು. ಕುಡಿತದ ಅಮಲು, ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರುವುದು ಮುಂತಾದ ಸಂದರ್ಭಗಳ ಮಾತು ಬೇರೆ. ಬರಿಯ ಅಜಾಗರೂಕತೆ ಅವುಗಳಲ್ಲಿ ಸೇರಿಲ್ಲ.

ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡದ ಕೆಲಸ ಮಾಡಿದ, 18 ವರ್ಷ ತುಂಬಿ 60 ತುಂಬದ ಕಾರ್ಮಿಕರು ತಾವು ದುಡಿಯುವ ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಬಿದ್ದ ದಿನವೇ ಮೇಸ್ತ್ರಿಗೆ ತಿಳಿಸಿ ಬರೆಯಿಸುವುದು, ಆಸ್ಪತ್ರೆಯ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಮುಂದೆ ಉಪಯೋಗಕ್ಕೆ ಬರುತ್ತದೆ.