ಹಾರ್ಡ್ ಡಿಸ್ಕ್ ಎಡೆಬಿಡದೆ ದುಡಿಯುವುದೇಕೆ?

ನಿಜಾಮನ ಆಳ್ವಿಕೆಯ ಕಾಲದಲ್ಲಿ ಭಾಲ್ಕಿಯ ಪೂಜ್ಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ, ಒಳಗೆ ಕನ್ನಡವನ್ನು ಕಲಿಸಿ, ಈ ನೆಲದಲ್ಲಿ ಅಕ್ಷರವನ್ನು ಕಾಪಾಡಿದರು. ಇಂದು ಆ ಅಕ್ಷರಸಂಪತ್ತು ಮನೆಯ ಗಣಕಯಂತ್ರದಲ್ಲಿಯೂ ನೆಲೆಸಿದೆ. ವಿದ್ಯಾರ್ಥಿಯ ಟಿಪ್ಪಣಿ, ಹಿರಿಯರು ಬೆರಳಚ್ಚಿಸಿದ ವಚನಗಳು, ಹೊಲದ ಪಹಣಿಯ ಪ್ರತಿ ಇವೆಲ್ಲವನ್ನೂ ಹೊತ್ತಿರುವುದು ಹಾರ್ಡ್ ಡಿಸ್ಕ್ ಎಂಬ ಸಣ್ಣ ಪೆಟ್ಟಿಗೆ. ನಾವು ಸುಮ್ಮನೆ ಕುಳಿತಿರುವಾಗಲೂ ಅದರ ದೀಪವು ಮಿನುಗುತ್ತಲೇ ಇದ್ದು, ಗರಗರ ಸದ್ದಿನೊಡನೆ ಯಂತ್ರವು ಮಂದವಾದರೆ ಅದರ ಕಾರಣವನ್ನು ಅರಿಯುವುದು ಅವಶ್ಯ.

ಹಾರ್ಡ್ ಡಿಸ್ಕಿನೊಳಗೆ ಅಯಸ್ಕಾಂತೀಯ ಲೇಪವುಳ್ಳ ತಟ್ಟೆಗಳು ನಿಮಿಷಕ್ಕೆ ಸಾಮಾನ್ಯವಾಗಿ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಮತ್ತು ಬರೆಯುವ ಶಿರವು ತಟ್ಟೆಯನ್ನು ಮುಟ್ಟದೆ, ಅದಕ್ಕೆ ಅತಿ ಸಮೀಪದಲ್ಲಿ ಚಲಿಸುತ್ತದೆ. ಬೇಕಾದ ಸ್ಥಳವನ್ನು ತಲುಪಲು ಅದಕ್ಕೆ ಸುಮಾರು 10 ಮಿಲಿಸೆಕೆಂಡು ಹಿಡಿಯುತ್ತದೆ. ರ್‍ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯು ಇದಕ್ಕಿಂತ ಸುಮಾರು ಲಕ್ಷ ಪಟ್ಟು ಶೀಘ್ರವಾದುದು. ರ್‍ಯಾಮ್ ಸಾಲದಾದಾಗ ಗಣಕವು ತನ್ನ ಕೆಲಸದ ಒಂದು ಭಾಗವನ್ನು ಡಿಸ್ಕಿಗೆ ಸಾಗಿಸಿ, ಮತ್ತೆ ಮತ್ತೆ ಮರಳಿ ತರುತ್ತದೆ. ಕಣಜದಿಂದ ಹಿಡಿ ಹಿಡಿಯಾಗಿ ಜೋಳವನ್ನು ತಂದು ಬೀಸುವವರಂತೆ ಅದರ ಕಾಲವೆಲ್ಲ ಓಡಾಟದಲ್ಲಿಯೇ ಕಳೆಯುತ್ತದೆ. ಇದು ಮೊದಲನೆಯ ಕಾರಣ.

ಎರಡನೆಯದು ತೆರೆಮರೆಯ ಕೆಲಸಗಳು: ವಿಂಡೋಸಿನ ಪರಿಷ್ಕರಣೆ, ವೈರಸ್ ತಪಾಸಣೆ, ಕಡತಗಳ ಸೂಚಿ ರಚನೆ. ಮೂರನೆಯದು ಕಳ್ಳದಾರಿಯಿಂದ ಸೇರಿಕೊಂಡ ಹಾನಿಕಾರಕ ತಂತ್ರಾಂಶ. ನಾಲ್ಕನೆಯದು ಡಿಸ್ಕಿನ ಸವೆತ. ಕೆಟ್ಟ ಭಾಗವನ್ನು ಓದಲು ಅದು ಪುನಃ ಪುನಃ ಯತ್ನಿಸುತ್ತದೆ.

ಕಾರಣವನ್ನು ಗುರುತಿಸುವ ಕ್ರಮ ಹೀಗಿದೆ. ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಅಲ್ಲಿ ಡಿಸ್ಕ್ ಎಂಬ ಅಂಕಣದ ಶೀರ್ಷಿಕೆಯನ್ನು ಒತ್ತಿದರೆ, ಡಿಸ್ಕನ್ನು ಹೆಚ್ಚು ದುಡಿಸುತ್ತಿರುವ ತಂತ್ರಾಂಶವು ಮೇಲೆ ಬರುವುದು. ಅದು ಪರಿಷ್ಕರಣೆಯೋ ತಪಾಸಣೆಯೋ ಆಗಿದ್ದರೆ ಮುಗಿಯುವವರೆಗೆ ತಾಳ್ಮೆಯಿಂದಿರಬೇಕು. ಮೆಮೊರಿ ಅಂಕಣವು ಶೇಕಡಾ 90ನ್ನು ಮೀರಿದ್ದರೆ ಬೇಡವಾದ ತಂತ್ರಾಂಶಗಳನ್ನು ಮುಚ್ಚಬೇಕು. ನಿತ್ಯವೂ ಹೀಗಾಗುತ್ತಿದ್ದರೆ ರ್‍ಯಾಮನ್ನು ಹೆಚ್ಚಿಸಬೇಕು. ಅಪರಿಚಿತ ಹೆಸರು ಕಂಡರೆ ಪೂರ್ಣ ವೈರಸ್ ತಪಾಸಣೆ ನಡೆಸಬೇಕು. ಡಿಸ್ಕ್ ಬರೆಯುತ್ತಿರುವಾಗ ವಿದ್ಯುತ್ತನ್ನು ಕಡಿಯುವುದು ಅಪಾಯಕರ. ಆದುದರಿಂದ ಕರೆಂಟು ಆಗಾಗ ಹೋಗುವ ಊರುಗಳಲ್ಲಿ ಯುಪಿಎಸ್ ಇರುವುದು ಒಳ್ಳೆಯದು.

ಟಕ್ ಟಕ್ ಎಂಬ ಸದ್ದು ಕೇಳಿಬಂದರೆ, ಇಲ್ಲವೆ ಕಡತಗಳು ತೆರೆಯದಾದರೆ ಮಾತ್ರ ಈ ಕ್ರಮವನ್ನು ಬದಲಿಸಬೇಕು. ಆಗ ದುರಸ್ತಿಗೆ ಕೈಹಾಕದೆ, ಮುಖ್ಯ ಕಡತಗಳನ್ನು ಮೊದಲು ಬೇರೊಂದು ಡಿಸ್ಕಿಗೆ ನಕಲು ಮಾಡಬೇಕು. ದುರ್ಬಲವಾದ ಡಿಸ್ಕಿನ ಮೇಲೆ ದೀರ್ಘ ಪರೀಕ್ಷೆ ನಡೆಸಿದರೆ ಉಳಿದಿರುವುದೂ ಕೈತಪ್ಪಬಹುದು. ನಕಲಾದ ಮೇಲೆ ಆ ಡಿಸ್ಕನ್ನು ಬದಲಿಸುವುದೇ ಲೇಸು. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಅಳವಡಿಸಿದರೆ ವೇಗವೂ ಹೆಚ್ಚುವುದು. ಆದರೆ ಅದೂ ಶಾಶ್ವತವಲ್ಲ.

ಬೀದರಿನ ಮಹಮೂದ್ ಗವಾನನ ಮದರಸಾ 1472ರ ನಿರ್ಮಾಣ. 1696ರ ಸ್ಫೋಟದಲ್ಲಿ ಆ ವಿದ್ಯಾಮಂದಿರದ ಒಂದು ಪಾರ್ಶ್ವವೇ ಕುಸಿಯಿತು. ಒಂದೇ ಎಡೆಯಲ್ಲಿಟ್ಟ ವಿದ್ಯಾಸಂಪತ್ತನ್ನು ಕಳೆಯಲು ಒಂದು ಅವಘಡ ಸಾಕು. ವಿದ್ಯಾರ್ಥಿಗಳು ತಮ್ಮ ಕಡತಗಳ ಪ್ರತಿಯನ್ನು ಎರಡು ಕಡೆ ಇಡುವ ಅಭ್ಯಾಸವನ್ನು ಇಂದೇ ಆರಂಭಿಸಲಿ.