ಮುಟ್ಟಿನ ನೋವು ಮತ್ತು ನೋವುಶಾಮಕ ಗುಳಿಗೆ

ತಿಂಗಳಿಗೊಮ್ಮೆ ಕಿಬ್ಬೊಟ್ಟೆಯಲ್ಲಿ ಹಿಂಡಿದಂಥ ನೋವು ಬಂದು, ಒಂದೆರಡು ದಿನ ತರಗತಿಗೆ ಬರಲಾರದ ವಿದ್ಯಾರ್ಥಿನಿಯರು ಎಲ್ಲ ಕಾಲೇಜುಗಳಲ್ಲಿಯೂ ಇದ್ದಾರೆ. ಹೆಣ್ಣಾದ ಮೇಲೆ ಸಹಿಸಲೇಬೇಕೆಂಬ ಹಿರಿಯರ ಮಾತನ್ನು ನಂಬಿ ಕೆಲವರು ಸುಮ್ಮನಿರುತ್ತಾರೆ. ಇನ್ನು ಕೆಲವರು ನೋವು ತೀರ ಹೆಚ್ಚಿದ ಮೇಲೆ ಗೆಳತಿ ಕೊಟ್ಟ ಗುಳಿಗೆಯನ್ನು ಬರಿಯ ಹೊಟ್ಟೆಯಲ್ಲಿ ನುಂಗಿ, ಗುಣ ಕಾಣದೆ ಒಡನೆಯೇ ಮತ್ತೊಂದನ್ನು ನುಂಗುತ್ತಾರೆ. ಎರಡೂ ಸರಿಯಲ್ಲ. ಏಕೆಂಬುದು ತಿಳಿಯಬೇಕಾದರೆ ಈ ನೋವು ಹುಟ್ಟುವ ಬಗೆಯನ್ನು ಅರಿಯಬೇಕು.

ಗರ್ಭಕೋಶವು ಸ್ನಾಯುವಿನಿಂದಾದ ಒಂದು ಚೀಲ. ಅದರ ಒಳಪೊರೆ ಕಳಚುವ ಸಮಯದಲ್ಲಿ ಆ ಪೊರೆಯ ಜೀವಕೋಶಗಳು ಪ್ರೋಸ್ಟಗ್ಲ್ಯಾಂಡಿನ್ ಎಂಬ ದ್ರವ್ಯಗಳನ್ನು ತಯಾರಿಸುತ್ತವೆ. ಸ್ನಾಯುವನ್ನು ಸಂಕುಚಿಸಿ ಪೊರೆಯನ್ನು ಹೊರದೂಡುವುದು ಇವುಗಳ ಕೆಲಸ. ಇವು ಅಧಿಕವಾದಾಗ ಗರ್ಭಕೋಶದೊಳಗಿನ ಒತ್ತಡವು ಪಾದರಸದ 120 ಮಿಲಿಮೀಟರುಗಳನ್ನೂ ಮೀರುವುದುಂಟು. ಹೃದಯವು ಸಂಕುಚಿಸಿದಾಗ ಅಪಧಮನಿಯಲ್ಲಿರುವ ಒತ್ತಡವೂ ಸುಮಾರು ಅಷ್ಟೇ. ರಬ್ಬರು ನಳಿಕೆಯನ್ನು ಒಳಗಿನ ನೀರಿನ ಒತ್ತಡಕ್ಕಿಂತ ಹೆಚ್ಚಿನ ಬಲದಿಂದ ಅಮುಕಿದರೆ ನೀರು ಹರಿಯುವುದು ನಿಲ್ಲುತ್ತದೆ. ಇಲ್ಲಿಯೂ ಹಾಗೆಯೇ, ರಕ್ತ ದೊರೆಯದ ಸ್ನಾಯು ಆಮ್ಲಜನಕವಿಲ್ಲದೆ ನೋಯುತ್ತದೆ. ಅಳತೆಗೆ ಸಿಗುವ ಈ ನೋವನ್ನು ಕಲ್ಪನೆಯೆಂದು ತಳ್ಳಿಹಾಕುವುದು ಅಜ್ಞಾನವೇ ಸರಿ.

ಆಸ್ಪಿರಿನ್ ಜಾತಿಯ ಔಷಧಗಳು ಪ್ರೋಸ್ಟಗ್ಲ್ಯಾಂಡಿನ್‌ಗಳ ತಯಾರಿಕೆಯನ್ನೇ ತಡೆಯುತ್ತವೆಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು. ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲ, ನ್ಯಾಪ್ರೊಕ್ಸೆನ್ ಇವೆಲ್ಲವೂ ಇದೇ ಗುಂಪಿನವು. ಇವು ತೊಟ್ಟಿಗೆ ನೀರು ಬೀಳುವ ನಲ್ಲಿಯನ್ನು ಮುಚ್ಚುತ್ತವೆಯೇ ಹೊರತು, ಆಗಲೇ ತುಂಬಿದ ನೀರನ್ನು ಹೊರಚೆಲ್ಲುವುದಿಲ್ಲ. ಆದುದರಿಂದ ಸ್ರಾವವಾಗಲಿ ನೋವಾಗಲಿ ಆರಂಭವಾದ ಕೂಡಲೇ, ಆಹಾರದೊಡನೆ, ಗುಳಿಗೆಯನ್ನು ಸೇವಿಸಬೇಕು.

ಎಷ್ಟು ಹೊತ್ತಿಗೊಮ್ಮೆ? ವಿಕಿರಣಶೀಲತೆಯ ಪಾಠದಲ್ಲಿ ಕಲಿತ ಅರ್ಧಾಯುವಿನ ಲೆಕ್ಕ ಇಲ್ಲಿಯೂ ಸಲ್ಲುತ್ತದೆ. ರಕ್ತದಲ್ಲಿ ಐಬುಪ್ರೊಫೆನ್ನಿನ ಅರ್ಧಾಯು ಸುಮಾರು 2 ಗಂಟೆ. 6 ಗಂಟೆಗಳಲ್ಲಿ ಅದು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆದಕಾರಣ 200ರಿಂದ 400 ಮಿಲಿಗ್ರಾಂಗಳನ್ನು 6ರಿಂದ 8 ಗಂಟೆಗಳಿಗೊಮ್ಮೆ ಕೊಡುವುದು ವಾಡಿಕೆ. ವೈದ್ಯರು ಹೇಳದ ಹೊರತು ದಿನಕ್ಕೆ 1200 ಮಿಲಿಗ್ರಾಂ ದಾಟಬಾರದು. ನ್ಯಾಪ್ರೊಕ್ಸೆನ್ನಿನ ಅರ್ಧಾಯುವಾದರೋ 12 ಗಂಟೆಗಳಿಗೂ ಮಿಗಿಲು; ಅದನ್ನು ಅಷ್ಟು ಬೇಗ ಬೇಗ ಸೇವಿಸಿದರೆ ಅದು ದೇಹದಲ್ಲಿ ಶೇಖರವಾಗುತ್ತದೆ. ಗೆಳತಿಯ ಲೆಕ್ಕ ನಮಗೆ ಒದಗುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ದಿನಗಳ ಸೇವನೆ ಸಾಕು.

ಆದರೆ ಪ್ರೋಸ್ಟಗ್ಲ್ಯಾಂಡಿನ್‌ಗಳು ಗರ್ಭಕೋಶದಲ್ಲಿ ಮಾತ್ರವಿಲ್ಲ. ಜಠರದ ಗೋಡೆಯನ್ನು ಅಲ್ಲಿನ ಆಮ್ಲದಿಂದ ಕಾಯುವ ಲೋಳೆಯ ಉತ್ಪತ್ತಿಗೂ, ಮೂತ್ರಪಿಂಡಗಳ ರಕ್ತಸಂಚಾರಕ್ಕೂ ಅವು ಬೇಕು. ಗುಳಿಗೆಯು ಆ ನಲ್ಲಿಗಳನ್ನೂ ಮುಚ್ಚುತ್ತದೆ. ಜಠರದಲ್ಲಿ ಹುಣ್ಣಿರುವವರು, ಮೂತ್ರಪಿಂಡದ ರೋಗಿಗಳು, ಆಸ್ಪಿರಿನ್ನಿನಿಂದ ಉಬ್ಬಸ ಕೆರಳುವವರು, ಗರ್ಭಿಣಿಯರು ಇದನ್ನು ತಾವಾಗಿ ತೆಗೆದುಕೊಳ್ಳಕೂಡದು. ವಾಂತಿಭೇದಿಯಿಂದ ನೀರಿನಂಶ ಕಳೆದುಕೊಂಡಾಗಲೂ ಬೇಡ. ಡೆಂಗೀ ಜ್ವರದ ಶಂಕೆಯಿದ್ದರಂತೂ ರಕ್ತಸ್ರಾವದ ಭಯವಿರುವುದರಿಂದ ಮುಟ್ಟಲೇಬಾರದು. 16 ವರ್ಷಕ್ಕಿಂತ ಚಿಕ್ಕವರಿಗೆ ಆಸ್ಪಿರಿನ್ ಸಲ್ಲದು.

ಅಂಗಡಿಯ ಹೆಸರುಗಳು ಹಲವು, ಒಳಗಿರುವ ಔಷಧ ಒಂದೇ ಆಗಿರಬಹುದು. ನಮ್ಮಲ್ಲಿ ಮೆಫೆನಾಮಿಕ್ ಆಮ್ಲವನ್ನು ಡೈಸೈಕ್ಲೊಮಿನ್ನಿನೊಡನೆ, ಐಬುಪ್ರೊಫೆನ್ನನ್ನು ಪ್ಯಾರಸಿಟಮಾಲಿನೊಡನೆ ಬೆರೆಸಿ ಮಾರುತ್ತಾರೆ. ಹಾಳೆಯ ಮೇಲಿನ ಸಣ್ಣಕ್ಷರಗಳನ್ನು ಓದದೆ ಎರಡು ಬಗೆಯ ಗುಳಿಗೆ ನುಂಗಿದವರು, ಗುಣವನ್ನಲ್ಲ, ಅಪಾಯವನ್ನೇ ಇಮ್ಮಡಿಸಿಕೊಳ್ಳುತ್ತಾರೆ. ಮೆಫೆನಾಮಿಕ್ ಆಮ್ಲವು ಅಪರೂಪವಾಗಿ ತೀವ್ರವಾದ ಅಲರ್ಜಿಯನ್ನು ಉಂಟುಮಾಡಬಹುದೆಂದು ಭಾರತೀಯ ಔಷಧಕೋಶ ಆಯೋಗವು 2023ರ ನವೆಂಬರಿನಲ್ಲಿ ಎಚ್ಚರಿಸಿತು. ಗುಳಿಗೆ ಸೇವಿಸಿದ ಕೆಲವು ವಾರಗಳಲ್ಲಿ ಜ್ವರ, ಮೈಮೇಲೆ ಗಂಧೆ, ಗ್ರಂಥಿಗಳ ಊತ ಕಂಡರೆ ಔಷಧವನ್ನು ನಿಲ್ಲಿಸಿ ವೈದ್ಯರಲ್ಲಿಗೆ ಹೋಗತಕ್ಕದ್ದು. ಮಲ ಕಪ್ಪಾದರೂ ಹಾಗೆಯೇ.

ಕಿಬ್ಬೊಟ್ಟೆಯ ಮೇಲಿಡುವ ಬಿಸಿನೀರಿನ ಚೀಲದಿಂದಲೂ ನೋವು ತಗ್ಗುತ್ತದೆ; ಅದನ್ನು ಗುಳಿಗೆಯ ಜೊತೆಗೂ ಬಳಸಬಹುದು. ಸಕಾಲದಲ್ಲಿ, ಸರಿಯಾದ ಪ್ರಮಾಣದಲ್ಲಿ ಮೂರು ತಿಂಗಳು ಸೇವಿಸಿದರೂ ನೋವು ಬಗ್ಗದಿದ್ದರೆ, ಅಥವಾ ಮುಟ್ಟಿಲ್ಲದ ದಿನಗಳಲ್ಲಿಯೂ ಅದು ಕಾಡುತ್ತಿದ್ದರೆ, ಗುಳಿಗೆಯನ್ನು ಹೆಚ್ಚಿಸದೆ ಸ್ತ್ರೀರೋಗತಜ್ಞರನ್ನು ಕಾಣಬೇಕು. ಗರ್ಭಕೋಶದ ಒಳಪೊರೆಯಂಥ ಅಂಗಾಂಶವು ಹೊರಗೆಲ್ಲೋ ಬೆಳೆಯುವ ಎಂಡೋಮೆಟ್ರಿಯೋಸಿಸ್ ಎಂಬ ರೋಗವು ಎಷ್ಟೋ ಮಂದಿಯಲ್ಲಿ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯುವುದು ಹೀಗೆಯೇ.