ಸ್ಟೇರಿಂಗ್ ಪೈಪು ಮನೆಯಲ್ಲೇ ಬದಲಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಬೊಲೆರೊ, ಸುಮೊ, ಹಳೆಯ ಸ್ಕಾರ್ಪಿಯೊ, ಇನ್ನೋವಾ ಇಟ್ಟುಕೊಂಡವರಿಗೆ ಈ ಸೂಚನೆ. ಪವರ್ ಸ್ಟೇರಿಂಗಿನ ಪೈಪು ಸೋರತೊಡಗಿದಾಗ ತಿಕೋಟಾದಿಂದ ಸುಮಾರು 20, ಬಬಲೇಶ್ವರದಿಂದ ಸುಮಾರು 25 ಕಿ.ಮೀ. ದೂರದ ನಗರದ ಗ್ಯಾರೇಜಿಗೆ ಹೋಗುವ ಬದಲು ಅಂಗಳದಲ್ಲೇ ಕೆಲಸ ಮುಗಿಸೋಣ ಎನಿಸುವುದು ಸಹಜ. ಪೈಪು ಬದಲಿಸಿ, ಅಡ್ಡಿಯಿಲ್ಲ. ತೇಪೆ ಮಾತ್ರ ಹಾಕಬೇಡಿ.

ಎಲ್ಲಕ್ಕೂ ಮೊದಲು ನಿಮ್ಮ ಗಾಡಿಗೆ ಆ ಪೈಪು ಇದೆಯೇ ನೋಡಿಕೊಳ್ಳಿ. ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್‌ಗಳಲ್ಲಿರುವ ಪವರ್ ಸ್ಟೇರಿಂಗ್ ಕರೆಂಟಿನದು. ಅದಕ್ಕೆ ಎಣ್ಣೆಯೂ ಇಲ್ಲ, ಪೈಪೂ ಇಲ್ಲ. ಅಂಥ ಗಾಡಿಯಡಿ ಎಣ್ಣೆ ಕಂಡರೆ ಅದು ಬೇರೆಡೆಯಿಂದ ಬಂದದ್ದು.

ಯಾವುದು ಯಾವ ಪೈಪು

ಬೆಲ್ಟಿನಿಂದ ತಿರುಗುವ ಪಂಪಿನಿಂದ ಸ್ಟೇರಿಂಗ್ ಬಾಕ್ಸಿಗೆ ಹೋಗುವುದು ಪ್ರೆಶರ್ ಪೈಪು. ಎರಡೂ ತುದಿಗೆ ಕಬ್ಬಿಣದ ನಳಿಕೆ, ನಡುವೆ ರಬ್ಬರು, ಇವೆರಡೂ ಕೂಡುವಲ್ಲಿ ಯಂತ್ರದಿಂದ ಒತ್ತಿ ಕೂರಿಸಿದ ಲೋಹದ ಬಳೆ. ಬಾಕ್ಸಿನಿಂದ ಎಣ್ಣೆ ಡಬ್ಬಿಗೆ ಮರಳುವುದು ರಿಟರ್ನ್ ಪೈಪು. ಅದಕ್ಕೆ ಸಾಮಾನ್ಯವಾಗಿ ಬರೀ ಕ್ಲಿಪ್ಪು. ಡಬ್ಬಿಯಿಂದ ಪಂಪಿಗೆ ಇಳಿಯುವ ಗಿಡ್ಡ ಪೈಪೂ ಕ್ಲಿಪ್ಪಿನದೇ. ಕ್ಲಿಪ್ಪಿನ ಪೈಪನ್ನು ಪಾನಾ ಹಿಡಿದು ರೂಢಿಯಿದ್ದ ಯಾರಾದರೂ ಬದಲಿಸಬಹುದು. ಪ್ರೆಶರ್ ಪೈಪನ್ನೂ ಬದಲಿಸಬಹುದು, ಆದರೆ ಹೊಸದು ತಂದು, ಇಡಿಯಾಗಿ. ನಡುವೆ ಕತ್ತರಿಸಿ ಜೋಡಿಸುವುದು, ಸೈಕಲ್ ಟ್ಯೂಬು ಸುತ್ತಿ ತಂತಿ ಬಿಗಿಯುವುದು, ಎಂ-ಸೀಲ್ ಮೆತ್ತುವುದು ಕೂಡದು. ಬರೀ ಊರು ಮುಟ್ಟುವ ತನಕ ಎಂದರೂ ಕೂಡದು.

ನಿಂತ ಗಾಡಿಯ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಆ ಪೈಪಿನೊಳಗೆ 70ರಿಂದ 100 ಬಾರ್‌ವರೆಗೆ ಪ್ರೆಶರ್ ಏರಬಹುದು. ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಬೇಗಂ ತಲಾಬಿನಿಂದ ನಗರಕ್ಕೆ ಮಣ್ಣಿನ ಕೊಳವೆಯಲ್ಲಿ ನೀರು ತಂದ ಆದಿಲ್‌ಶಾಹಿ ಕಾಲದವರು ಕೊಳವೆ ಒಡೆಯದಿರಲೆಂದು ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿ ಒತ್ತಡ ಇಳಿಸಿದರು. ನಿಮ್ಮ ಪಂಪಿನಲ್ಲೂ ಅದೇ ಕೆಲಸಕ್ಕೆ ಒಂದು ವಾಲ್ವ್ ಇದೆ. ಸ್ಟೇರಿಂಗನ್ನು ಕೊನೆಯವರೆಗೆ ತಿರುಗಿಸಿ ಹಾಗೆಯೇ ಹಿಡಿದರೆ ಆ ವಾಲ್ವ್ ತೆರೆದೇ ಇರುತ್ತದೆ. ಎಣ್ಣೆ ಪಂಪಿನಲ್ಲೇ ಸುತ್ತಿ ಸುತ್ತಿ ಕಾಯುತ್ತದೆ. ಐದು ಸೆಕೆಂಡಿಗಿಂತ ಹೆಚ್ಚು ಹಾಗೆ ಹಿಡಿಯಬೇಡಿ, ಹೊಸ ಪೈಪು ಹಾಕಿದ ಮೇಲೂ ಹಿಡಿಯಬೇಡಿ.

ಬೆರಳಿನಿಂದ ಸೋರಿಕೆ ಹುಡುಕಬೇಡಿ

ಈ ಸೂಚನೆಯಲ್ಲಿ ಒಂದನ್ನಷ್ಟೇ ಪಾಲಿಸುವುದಿದ್ದರೆ ಇದನ್ನು ಪಾಲಿಸಿ. ಇಂಜಿನ್ ಚಾಲೂ ಇರುವಾಗ ಪ್ರೆಶರ್ ಪೈಪಿನ ಸಣ್ಣ ತೂತಿನಿಂದ ಬರುವ ಎಣ್ಣೆ ಸೂಜಿಯಂತೆ ಚರ್ಮ ಹೊಗಬಲ್ಲದು. ಹೊಕ್ಕ ಜಾಗ ಚುಕ್ಕೆಯಷ್ಟೇ ಕಾಣುತ್ತದೆ, ಮೊದಲಿಗೆ ಅಷ್ಟು ನೋವೂ ಇರುವುದಿಲ್ಲ. ತಾಸುಗಳ ಮೇಲೆ ಬೆರಳು ಬಾತು, ಒಳಗಿನ ಮಾಂಸ ಸಾಯತೊಡಗುತ್ತದೆ. ಬೆರಳು ತೆಗೆಯುವ ಹಂತಕ್ಕೂ ಹೋಗಬಹುದು. ಎಣ್ಣೆ ಚರ್ಮ ಹೊಕ್ಕರೆ ಅರಿಶಿಣ ಹಚ್ಚಿ, ಪಟ್ಟಿ ಕಟ್ಟಿ ಕೂರಬೇಡಿ. ಜಿಲ್ಲಾಸ್ಪತ್ರೆಗೋ, ಬಿಎಲ್‌ಡಿಇಗೋ, ತಿಕೋಟಾ ಕಡೆಯವರಾದರೆ ಅಥಣಿ ರಸ್ತೆಯ ಅಲ್-ಅಮೀನ್‌ಗೋ ಆಗಿಂದಾಗಲೇ ಹೊರಡಿ. ಪ್ರೆಶರಿನ ಎಣ್ಣೆ ಚರ್ಮದೊಳಗೆ ಹೋಗಿದೆ ಎಂದು ಸ್ಪಷ್ಟವಾಗಿ ಹೇಳಿ, ಎಣ್ಣೆಯ ಡಬ್ಬಿಯನ್ನೂ ಒಯ್ಯಿರಿ. ವೈದ್ಯರು ಗಾಯದ ಗಾತ್ರ ನೋಡಿ ಹಗುರಾಗಿ ತೆಗೆದುಕೊಳ್ಳದಂತೆ ಹೇಳುವ ಹೊಣೆ ನಿಮ್ಮದು.

ಸೋರಿಕೆ ನೋಡಬೇಕಾದ ಕ್ರಮ ಇದು. ನಮ್ಮ ಎರೆಮಣ್ಣಿನ ಧೂಳು ಕೆಂಪು ಎಣ್ಣೆಗೆ ಅಂಟಿ ಕರಿ ಮುದ್ದೆಯಾಗಿರುತ್ತದೆ, ಎಲ್ಲ ಪೈಪೂ ಒಂದೇ ಬಣ್ಣಕ್ಕೆ ಬಂದಿರುತ್ತವೆ. ಇಂಜಿನ್ ತಣ್ಣಗಿದ್ದಾಗ ಅರಿವೆಯಿಂದ ಒರೆಸಿ ಸ್ವಚ್ಛ ಮಾಡಿ. ಆಮೇಲೆ ಒಬ್ಬರು ಒಳಗೆ ಕೂತು ಇಂಜಿನ್ ಚಾಲೂ ಮಾಡಿ ಸ್ಟೇರಿಂಗ್ ಮೆಲ್ಲಗೆ ತಿರುಗಿಸಲಿ. ಇನ್ನೊಬ್ಬರು ಕಣ್ಣಿಗೆ ಕನ್ನಡಕ ಹಾಕಿಕೊಂಡು, ದೂರ ನಿಂತು ಟಾರ್ಚು ಬಿಟ್ಟು ನೋಡಲಿ. ಕಾಣದಿದ್ದರೆ ಪೈಪಿನ ಬಳಿ ರಟ್ಟಿನ ತುಂಡು ಹಿಡಿಯಿರಿ. ಎಣ್ಣೆ ಚಿಮ್ಮುತ್ತಿದ್ದರೆ ರಟ್ಟು ಒದ್ದೆಯಾಗುತ್ತದೆ. ಸೀರೆಯ ಸೆರಗು, ದುಪಟ್ಟಾ, ಟವೆಲ್ಲು ಬೆಲ್ಟಿನ ಹತ್ತಿರ ಸುಳಿಯಬಾರದು.

ಪೈಪು ತರುವಾಗ

ಹಳೆಯ ಪೈಪು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಮಾಡೆಲ್ಲು, ವರ್ಷ, ಚಾಸಿ ನಂಬರು ಬರೆದುಕೊಳ್ಳಿ. ಎರಡು ಪೈಪು ಪಕ್ಕಪಕ್ಕ ಇಟ್ಟು ಉದ್ದ, ಬಾಗು, ತುದಿಯ ನಟ್ಟು ನೋಡಿ. ನಟ್ಟಿನ ಚೂಡಿ ಬೇರೆಯಾದರೆ ಬಲದಿಂದ ಕೂರಿಸೋಣ ಎನ್ನಬೇಡಿ.

ಟ್ರ್ಯಾಕ್ಟರಿನ ಹೈಡ್ರಾಲಿಕ್ ಹೋಸ್ ಪ್ರೆಸ್ ಮಾಡಿಕೊಡುವವರ ಬಳಿ ಇದನ್ನೂ ಮಾಡಿಸಿದರೆ ಅಗ್ಗ ಎಂಬ ಮಾತಿದೆ. ಟ್ರ್ಯಾಕ್ಟರಿನ ಹೋಸು ಪ್ರೆಶರ್ ತಡೆದೀತು. ಕಾರಿನ ಸ್ಟೇರಿಂಗ್ ಪೈಪು ಮಾಡುವ ಕೆಲಸ ಅಷ್ಟೇ ಅಲ್ಲ. ಪಂಪು ಎಣ್ಣೆಯನ್ನು ತುಂಡುತುಂಡಾಗಿ ತಳ್ಳುತ್ತದೆ. ಕಾರಿನ ಪೈಪಿನ ರಬ್ಬರು ಸ್ವಲ್ಪ ಉಬ್ಬಿ ಆ ಬಡಿತ ನುಂಗುವಂತೆ ಮಾಡಿರುತ್ತಾರೆ. ಎಸ್‌ಎಇ ಜೆ188 ಎಂಬ ಮಾನಕ ಇರುವುದು ಅಂಥ ಪ್ರೆಶರ್ ಪೈಪಿಗೆ, ಜೆ189 ರಿಟರ್ನ್ ಪೈಪಿಗೆ. ಬಿರುಸಾದ ಹೋಸು ಹಾಕಿದರೆ ಸ್ಟೇರಿಂಗ್ ಗುಂಯ್‌ಗುಡುತ್ತದೆ, ಬಾಗಿಲ್ಲದ ಕಡೆ ಬಾಗಿ ಬಳೆಯ ಬಳಿ ಬಿರಿಯುತ್ತದೆ. ಕಂಪನಿಯ ಪೈಪು ಎಲ್ಲೂ ಸಿಗದ ಹಳೆಯ ಗಾಡಿಗೆ ಮಾತ್ರ ಈ ದಾರಿ. ಆಗಲೂ ಪವರ್ ಸ್ಟೇರಿಂಗಿಗೆಂದೇ ಬರುವ ಹೋಸು ಕೇಳಿ, ಹಳೆಯ ತುದಿಗಳ ಅಳತೆಗೆ ಪ್ರೆಸ್ ಮಾಡಿಸಿ.

ದ್ರಾಕ್ಷಿ ತೋಟದವರಿಗೆ ಒಂದು ಮಾತು. ಮನೆಯಲ್ಲಿ ಪೈಪಿಗೆ ಬರವಿಲ್ಲ, ನಿಜ. ಹನಿ ನೀರಾವರಿಯ ಲ್ಯಾಟರಲ್ ಪೈಪು ಬಿಸಿ ಎಣ್ಣೆಗೆ ಮೆತ್ತಗಾಗಿ ಕಳಚಿಕೊಳ್ಳುತ್ತದೆ. ಔಷಧ ಹೊಡೆಯುವ ಹೋಸು ಪ್ರೆಶರಿನದೇ ಆದರೂ ತಣ್ಣೀರಿಗೆ ಮಾಡಿದ್ದು. ರೇಡಿಯೇಟರಿನ ಪೈಪು ನೋಡಲು ಗಟ್ಟಿ, ಆದರೆ ಅದರ ರಬ್ಬರು ಎಣ್ಣೆ ತಾಗಿದರೆ ಉಬ್ಬಿ ಹಾಳಾಗುತ್ತದೆ. ಈ ಮೂರನ್ನೂ ರಿಟರ್ನ್ ಕಡೆಗೂ ಹಾಕಬೇಡಿ. ಬಾನೆಟ್ಟಿನೊಳಗೆ ಸೈಲೆನ್ಸರಿನ ಮ್ಯಾನಿಫೋಲ್ಡ್ ಪಕ್ಕದಲ್ಲೇ ಇರುತ್ತದೆ. ಕಾದ ಕಬ್ಬಿಣದ ಮೇಲೆ ಎಣ್ಣೆ ಸುರಿದರೆ ಬೆಂಕಿ ಹತ್ತುತ್ತದೆ. ಕೆಲಸದ ಜಾಗದಲ್ಲಿ ಒಣ ಮರಳಿನ ಬುಟ್ಟಿ ಇರಲಿ. ಎಣ್ಣೆಯ ಬೆಂಕಿಗೆ ನೀರು ಹಾಕಬೇಡಿ.

ಎಣ್ಣೆ ಯಾವುದು ಎಂಬುದನ್ನು ಡಬ್ಬಿಯ ಮುಚ್ಚಳ ಅಥವಾ ಗಾಡಿಯ ಪುಸ್ತಕ ಹೇಳುತ್ತದೆ. ಹೆಚ್ಚಿನವಕ್ಕೆ ಡೆಕ್ಸ್‌ರಾನ್ ಜಾತಿಯ ಕೆಂಪು ಎಟಿಎಫ್, ಕೆಲವಕ್ಕೆ ಬೇರೆ. ಬ್ರೇಕ್ ಎಣ್ಣೆ ಒಂದು ಚಮಚವೂ ಬೀಳಬಾರದು. ಬಿದ್ದರೆ ಪಂಪಿನ, ಬಾಕ್ಸಿನ ಸೀಲುಗಳೆಲ್ಲ ಊದಿಕೊಳ್ಳುತ್ತವೆ, ಪೈಪಿನ ಖರ್ಚು ಪಂಪಿನ ಖರ್ಚಾಗುತ್ತದೆ.

ಜಾಕ್ ಹಚ್ಚುವಾಗ

ಎರೆಹೊಲದ ಅಂಚಿನಲ್ಲಿ ಗಾಡಿ ಎತ್ತಬೇಡಿ. ಮಳೆಗಾಲದಲ್ಲಿ ಜಾಕ್ ಹೂತುಹೋಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲ ಒಂದು ಕಡೆ ಕುಸಿಯುತ್ತದೆ. ಜಾಕಿನಡಿ ಫರಸಿ ಕಲ್ಲು ಇಡುವವರಿದ್ದಾರೆ. ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಫರಸಿ ಸೀಳುತ್ತದೆ. ಇಟ್ಟಿಗೆಯೂ ಬೇಡ. ಗಟ್ಟಿ ನೆಲ, ಅದರ ಮೇಲೆ ದಪ್ಪ ಕಟ್ಟಿಗೆಯ ಹಲಗೆ, ಹಿಂದಿನ ಗಾಲಿಗಳಿಗೆ ಎರಡೂ ಕಡೆ ಅಡ್ಡಗಲ್ಲು, ಹ್ಯಾಂಡ್ ಬ್ರೇಕ್, ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡು. ಬರೀ ಜಾಕಿನ ಮೇಲೆ ನಿಂತ ಗಾಡಿಯಡಿ ಕೈಯನ್ನೂ ಹಾಕಬೇಡಿ. ಸ್ಟ್ಯಾಂಡು ಇಲ್ಲದಿದ್ದರೆ ಕೆಲಸವನ್ನೇ ನಾಳೆಗಿಡಿ.

ಬಿಚ್ಚುವಾಗ, ಕೂರಿಸುವಾಗ

ಇಂಜಿನ್ ಪೂರ್ತಿ ತಣ್ಣಗಾಗಲಿ. 40 ಡಿಗ್ರಿ ದಾಟುವ ಮೇ ತಿಂಗಳ ಮಧ್ಯಾಹ್ನ ಅದು ಬೇಗ ತಣಿಯುವುದಿಲ್ಲ. ಬೆಳಗಿನ ಜಾವವೇ ಸರಿ. ಬ್ಯಾಟರಿಯ ಮೈನಸ್ ವೈರು ತೆಗೆಯಿರಿ. ಪೈಪು ಹೇಗೆ ಹಾದುಹೋಗಿದೆ ಎಂದು ಮೊಬೈಲಿನಲ್ಲಿ ಫೋಟೊ ಹಿಡಿಯಿರಿ. ಮೆಡಿಕಲ್ ಅಂಗಡಿಯ ದೊಡ್ಡ ಸಿರಿಂಜಿನಿಂದ ಡಬ್ಬಿಯ ಎಣ್ಣೆ ತೆಗೆಯಿರಿ, ಬಾಯಿಂದ ಹೀರಬೇಡಿ.

ನಳಿಕೆಯ ನಟ್ಟಿಗೆ ಫಿಕ್ಸ್ ಪಾನಾ ಹಾಕಿ ಜಗ್ಗಿದರೆ ಮೂಲೆಗಳು ಸವೆದು ನಟ್ಟು ದುಂಡಗಾಗುತ್ತದೆ. ನಳಿಕೆ ತೂರುವಂತೆ ಒಂದು ಕಡೆ ಸೀಳಿದ ರಿಂಗ್ ಪಾನಾ ಸಿಗುತ್ತದೆ, ಅದನ್ನೇ ತನ್ನಿ. ಎದುರು ನಟ್ಟು ಇದ್ದರೆ ಅದನ್ನು ಇನ್ನೊಂದು ಪಾನಾದಿಂದ ಹಿಡಿಯಿರಿ. ಬಿಚ್ಚಿದ ಬಾಯಿಗಳಿಗೆ ಕೂಡಲೇ ಶುದ್ಧ ಪ್ಲಾಸ್ಟಿಕ್ ಕಟ್ಟಿ. ಒಂದು ಕಣ ಮರಳು ಒಳಗೆ ಹೋದರೂ ಪಂಪಿನಲ್ಲಿ ಗೀರು ಬೀಳುತ್ತದೆ.

ಹಳೆಯ ತಾಮ್ರದ ವಾಶರು ಪಂಪಿನ ಮುಖಕ್ಕೆ ಅಂಟಿಕೊಂಡೇ ಉಳಿಯುವುದುಂಟು. ಎಣ್ಣೆ ಬಳಿದುಕೊಂಡಿರುವುದರಿಂದ ಲೋಹದ ಭಾಗವೇ ಎನಿಸುತ್ತದೆ. ಉಗುರಿನಿಂದ ಕೆರೆದು ನೋಡಿ, ಅಂಚು ಸಿಕ್ಕರೆ ಎಬ್ಬಿಸಿ. ಅದರ ಮೇಲೆ ಹೊಸದನ್ನು ಕೂರಿಸಿದರೆ ಎಷ್ಟು ಬಿಗಿದರೂ ಸೋರುತ್ತದೆ. ವಾಶರು, ಓ-ರಿಂಗು ಯಾವಾಗಲೂ ಹೊಸದೇ ಆಗಬೇಕು. ಚೂಡಿಗೆ ಟೆಫ್ಲಾನ್ ಟೇಪು, ಅಂಟು ಏನೂ ಬೇಡ. ಅದರ ತುಣುಕು ಎಣ್ಣೆಯ ಜೊತೆ ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಟ್ಟನ್ನು ಮೊದಲು ಬೆರಳಿನಿಂದ ತಿರುಗಿಸಿ, ಬೆರಳಿಗೆ ತಿರುಗದಿದ್ದರೆ ಚೂಡಿ ಅಡ್ಡಬಿದ್ದಿದೆ ಎಂದರ್ಥ. ಪೈಪು ತಿರುಚಿರಬಾರದು. ಬೆಲ್ಟಿನಿಂದ, ಮ್ಯಾನಿಫೋಲ್ಡಿನಿಂದ ದೂರ ಹಾಯಿಸಿ, ಮೊದಲಿದ್ದ ಎಲ್ಲ ಕ್ಲಾಂಪುಗಳನ್ನೂ ಹಾಕಿ, ಶಾಖ ತಡೆಯುವ ಕವಚವನ್ನೂ ತೊಡಿಸಿ.

ಗಾಳಿ ತೆಗೆಯುವುದು

ಇಲ್ಲಿ ಅವಸರ ಮಾಡಿದವರೇ ಪಂಪು ಸುಡುತ್ತಾರೆ. ಪಂಪಿಗೆ ಆ ಎಣ್ಣೆಯೇ ಜೀವ. ಎಣ್ಣೆಯಿಲ್ಲದೆ ಇಂಜಿನ್ ಚಾಲೂ ಮಾಡಬಾರದು. ಡಬ್ಬಿ ತುಂಬಿ. ಮುಂದಿನ ಗಾಲಿ ನೆಲ ಬಿಟ್ಟಿರುವಾಗ, ಇಂಜಿನ್ ಬಂದ್ ಇರುವಾಗಲೇ ಸ್ಟೇರಿಂಗನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಹದಿನೈದಿಪ್ಪತ್ತು ಸಲ ತಿರುಗಿಸಿ. ಎಣ್ಣೆ ಇಳಿದಂತೆಲ್ಲ ತುಂಬುತ್ತ ಹೋಗಿ. ಗುಳ್ಳೆ ಬರುವುದು ನಿಂತ ಮೇಲೆ ಬ್ಯಾಟರಿಯ ವೈರು ಜೋಡಿಸಿ, ಇಂಜಿನ್ ಚಾಲೂ ಮಾಡಿ ಮತ್ತೆ ಮೆಲ್ಲಗೆ ತಿರುಗಿಸಿ. ಎಣ್ಣೆ ನೊರೆಯಾಗಿ ಮಜ್ಜಿಗೆ ಬಣ್ಣಕ್ಕೆ ಬಂದರೆ ಗಾಳಿ ಇನ್ನೂ ಇದೆ. ಇಂಜಿನ್ ನಿಲ್ಲಿಸಿ, ನೊರೆ ಇಳಿಯುವ ತನಕ ಬಿಟ್ಟು, ಮತ್ತೆ ಮೊದಲಿನಿಂದ ಮಾಡಿ. ಮುಚ್ಚಳದ ಕಡ್ಡಿಯಲ್ಲಿ ಬಿಸಿಗೂ ತಣ್ಣಗೂ ಬೇರೆ ಗುರುತಿದ್ದರೆ ಆಯಾ ಗುರುತಿಗೇ ನಿಲ್ಲಿಸಿ.

ಮೊದಲ ಓಡಾಟ ಊರೊಳಗೇ ಆಗಲಿ. ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ ರಸ್ತೆಯಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಎದುರಿಗಿದ್ದಾಗ ಪೈಪು ಒಡೆದರೆ ಸ್ಟೇರಿಂಗ್ ಪೂರ್ತಿ ಕೈಬಿಡುವುದಿಲ್ಲ, ಆದರೆ ಒಮ್ಮೆಲೇ ಕಲ್ಲಾಗುತ್ತದೆ. ಹಾಗಾದರೆ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಬದಿಗೆ ತಂದು ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ಮನೆ ಹತ್ತಿರವೇ ಇದೆ ಎಂದು ಓಡಿಸಬೇಡಿ.

ತೆಗೆದ ಎಣ್ಣೆಯನ್ನು ಗಟಾರಿಗೆ, ಬಾವಡಿಗೆ, ಹೊಲದ ಬದುವಿಗೆ ಸುರಿಯಬೇಡಿ. ಬಳಸಿದ ಎಣ್ಣೆ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆ ಎಣ್ಣೆ ಕೂಡಿಸಿ ಕೊಡುವ ಗ್ಯಾರೇಜಿಗೆ ಮುಟ್ಟಿಸಿ. ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ಇಡಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ರಾತ್ರಿ ಗಾಡಿಯಡಿ ರಟ್ಟು ಹಾಸಿಡಿ, ಬೆಳಿಗ್ಗೆ ನೋಡಿ. ಸುಮಾರು 50 ಕಿ.ಮೀ. ಓಡಿದ ಮೇಲೆ ಎಣ್ಣೆಯ ಮಟ್ಟ ಮತ್ತೊಮ್ಮೆ ನೋಡಿ. ಕ್ಲಿಪ್ಪಿನ ಬಳಿ ಹನಿ ಕಂಡರೆ ಬಿಗಿದುಕೊಳ್ಳಬಹುದು. ಒತ್ತಿ ಕೂರಿಸಿದ ಬಳೆಯ ಬಳಿ ಕಂಡರೆ ಬಿಗಿಯುವುದಕ್ಕೆ ಅಲ್ಲಿ ಏನೂ ಇಲ್ಲ: ಪೈಪು ಬಿಚ್ಚಿ, ಬಿಲ್ಲಿನ ಸಮೇತ ಅಂಗಡಿಗೆ ಒಯ್ದು ಬದಲಿಸಿಕೊಂಡು ಬನ್ನಿ.